ಅಮ್ಮನ ತೂಕ ಇಳಿದಿಲ್ಲ, ಆದರೆ ಕೈಕಾಲು ಸಣ್ಣಗಾಗಿದೆ. ಮನೆಯಲ್ಲಿ ಏನನ್ನು ಅಳೆದು ನೋಡಬಹುದು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ತೀರ್ಥಹಳ್ಳಿ ಹತ್ತಿರ ನಮ್ಮೂರಲ್ಲಿ ಅಪ್ಪನ ಜೊತೆ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಎತ್ತರ 152 ಸೆಂಟಿಮೀಟರ್, ತೂಕ 59 ಕೆಜಿ. ಎಷ್ಟೋ ವರ್ಷದಿಂದ ತೂಕ ಇಷ್ಟರ ಆಸುಪಾಸಿನಲ್ಲೇ ಇದೆ. ಬಿಪಿಗೆ ಮಾತ್ರೆ ತಗೊಳ್ಳುತ್ತಾರೆ, ಶುಗರ್ ಗಡಿಯಲ್ಲಿದೆ. ಈ ಮಳೆಗಾಲದಲ್ಲಿ ಜ್ವರ ಬಂದು ಎರಡು ವಾರ ಹಾಸಿಗೆ ಹಿಡಿದಿದ್ದರು. ಈಗ ಜ್ವರ ಏನೂ ಇಲ್ಲ.

ನನ್ನನ್ನು ಯೋಚನೆಗೆ ಹಚ್ಚಿದ್ದು ಅವರ ರವಿಕೆ. ತೋಳು ಸಡಿಲ ಅಂತ ಎರಡು ಸಲ ಹೊಲಿಗೆ ಒಳಗೆ ಹಿಡಿಸಿದ್ದಾರೆ. ಅದೇ ರವಿಕೆಯ ಕೆಳಗಿನ ಹುಕ್ಕು ಮಾತ್ರ ಹಾಕೋಕೆ ಆಗುತ್ತಿಲ್ಲ, ಅಲ್ಲಿ ಬಿಗಿ. ಅಂದರೆ ತೋಳು ಸಣ್ಣಗಾಗಿದೆ, ಹೊಟ್ಟೆ ದೊಡ್ಡದಾಗಿದೆ. ತಕ್ಕಡಿಗೆ ಇದು ಗೊತ್ತೇ ಆಗಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು ಅಂಗಳ ಗುಡಿಸುವಾಗ ನೋಡಿದರೆ ಮೀನಖಂಡವೂ ಇಳಿದಿದೆ. ಈಳಿಗೆಮಣೆ ಮೇಲೆ ಕೂತು ಕಾಯಿ ತುರಿದು ಏಳುವಾಗ ಮೊದಲು ಎಡಗೈ ನೆಲಕ್ಕೆ ಊರುತ್ತಾರೆ, ಆಮೇಲೆ ಬಲಗೈಯಲ್ಲಿ ಅಡುಗೆಕಟ್ಟೆ ಹಿಡಿದು ಮೇಲೇಳುತ್ತಾರೆ. ಮುಂಚೆ ಒಂದೇ ಏಟಿಗೆ ಏಳುತ್ತಿದ್ದರು.

ಡಾಕ್ಟರಿಗೆ ತೋರಿಸಿದೆವು. ತೂಕ ಚೆನ್ನಾಗಿದೆ, ವಯಸ್ಸಿಗೆ ತಕ್ಕ ಹಾಗಿದ್ದಾರೆ ಅಂದರು. ಇರಬಹುದು. ಆದರೂ ಮನಸ್ಸಿಗೆ ಸಮಾಧಾನ ಇಲ್ಲ. ಟೇಪಿನಲ್ಲಿ ಮೀನಖಂಡ ಅಳೆದರೆ ಸ್ನಾಯು ಎಷ್ಟಿದೆ ಅಂತ ಅಂದಾಜು ಸಿಗುತ್ತದೆ ಅಂತ ಎಲ್ಲೋ ಓದಿದೆ. ಒಂದು ಕಡೆ 31 ಸೆಂಟಿಮೀಟರ್ ಅಂತಾರೆ, ಇನ್ನೊಂದು ಕಡೆ 33, ಮತ್ತೊಂದು ಕಡೆ 34. ಯಾವುದನ್ನು ನಂಬೋದು? ಎಲ್ಲಿ, ಹೇಗೆ ಅಳೆಯಬೇಕು? ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಫಿಸಿಯೋ ಅಕ್ಕ, ಧಾರವಾಡ:

ತುಂಗಾತೀರ ಅವರೇ, ನೀವು ನೋಡಿದ್ದು ಸರಿಯಾಗಿದೆ. ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. "ತೂಕ ಹಾಗೇ ಇದೆ, ಮತ್ತೇನು ತೊಂದರೆ?" ಎನ್ನುವ ಮಾತು ದಿನಾ ಕೇಳುತ್ತೇನೆ. ತೂಕ ಹಾಗೇ ಇದ್ದುಕೊಂಡೇ ಸ್ನಾಯು ಕರಗಬಹುದು, ಕೊಬ್ಬು ಆ ಜಾಗ ತುಂಬಬಹುದು. ನಮ್ಮ ದೇಶದವರಲ್ಲಿ ಇದು ಇನ್ನೂ ಜಾಸ್ತಿ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯೂಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐಯೂ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಸಂಖ್ಯೆ, 22.3. ಆದರೆ ಮೈಯಲ್ಲಿರುವ ಕೊಬ್ಬು ಒಬ್ಬರದು ಶೇ 9.1, ಇನ್ನೊಬ್ಬರದು ಶೇ 21.2. ಜಾಸ್ತಿ ಇದ್ದದ್ದು ನಮ್ಮ ಪುಣೆಯವರದ್ದು. ತಕ್ಕಡಿ ಮೈಯೊಳಗೆ ಇಣುಕಿ ನೋಡುವುದಿಲ್ಲ.

ವಯಸ್ಸಾದಂತೆ ಸ್ನಾಯುವಿನ ಗಾತ್ರ, ಬಲ ಎರಡೂ ಕುಸಿಯುವುದಕ್ಕೆ ಸಾರ್ಕೋಪೀನಿಯಾ ಅಂತ ಹೆಸರು. ಎಲ್ಲರಿಗೂ ಸ್ವಲ್ಪ ಇಳಿಯುತ್ತದೆ. ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಬೀಳುವ ಭಯ, ಮೂಳೆ ಮುರಿಯುವ ಭಯ ಶುರುವಾಗುತ್ತದೆ. ಒಮ್ಮೆ ಹಾಸಿಗೆ ಹಿಡಿದವರು ಮತ್ತೆ ಎದ್ದು ಓಡಾಡುವುದು ಕಷ್ಟವಾಗುತ್ತದೆ.

ಈಗ ನಿಮ್ಮ ಸಂಖ್ಯೆಗಳ ವಿಷಯ. 31 ಎನ್ನುವುದು ಹಿರಿಯರ ಪೌಷ್ಟಿಕತೆ ನೋಡುವ ಎಂಎನ್‌ಎ ಎಂಬ ಪ್ರಶ್ನಾವಳಿಯಲ್ಲಿದೆ. ಎತ್ತರ, ತೂಕ ನೋಡಲು ಆಗದವರಿಗೆ, ಅಂದರೆ ನಿಲ್ಲಲಾಗದವರಿಗೆ, ಬಿಎಂಐ ಬದಲು ಮೀನಖಂಡ ಅಳೆಯುತ್ತಾರೆ. ಸ್ನಾಯುವಿನ ವಿಷಯಕ್ಕೆ ನಮಗೆ ಹತ್ತಿರದ್ದು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಗಡಿ. ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33. ಇದಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಮಾಡಿ ಅಂತ ಅರ್ಥ. ಅದೊಂದರಿಂದಲೇ ಕಾಯಿಲೆ ಇದೆ ಅಂತ ಹೇಳಲಾಗದು.

ಮೀನಖಂಡವನ್ನೇ ಯಾಕೆ ಆರಿಸಿದ್ದಾರೆ? ತೋಳು, ತೊಡೆಗೆ ಹೋಲಿಸಿದರೆ ಅಲ್ಲಿ ಕೊಬ್ಬು ಕಡಿಮೆ. ನಿಂತಾಗ, ನಡೆದಾಗ ಇಡೀ ಮೈಯ ಭಾರ ಹೊರುವ ಸ್ನಾಯು ಅದು. ನಡೆಯುವುದು ಕಡಿಮೆಯಾದ ಕೂಡಲೇ ಸೊರಗುತ್ತದೆ.

ಅಳೆಯುವ ರೀತಿ ಹೇಳುತ್ತೇನೆ. ಅಮ್ಮನನ್ನು ಕುರ್ಚಿ ಮೇಲೆ ಕೂರಿಸಿ. ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಿರಲಿ, ಮಂಡಿ ನೇರ ಕೋನದಲ್ಲಿ ಮಡಚಿರಲಿ, ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ. ಬಿಗಿ ಹಿಡಿಯಬಾರದು, ಕಾಲು ಸಡಿಲ ಬಿಡಲಿ. ಟೇಪನ್ನು ಮೇಲೆ ಕೆಳಗೆ ಸರಿಸುತ್ತಾ ಎಲ್ಲಿ ದಪ್ಪ ಜಾಸ್ತಿ ಇದೆಯೋ ಅಲ್ಲಿ ನಿಲ್ಲಿಸಿ. ಟೇಪು ಚರ್ಮಕ್ಕೆ ತಾಗಬೇಕು, ಒತ್ತಬಾರದು. ಎರಡೂ ಕಾಲು ಅಳೆಯಿರಿ, ದೊಡ್ಡ ಸಂಖ್ಯೆ ಬರೆದುಕೊಳ್ಳಿ. ಬೆಳಿಗ್ಗೆ ಎದ್ದ ಮೇಲೆ, ಕೆಲಸ ಶುರುವಾಗುವ ಮುಂಚೆ ಅಳೆದರೆ ಒಳ್ಳೆಯದು.

ಟೇಪು ಕೈಗೆ ಸಿಗದಿದ್ದರೆ ಜಪಾನಿನವರ ಒಂದು ಉಪಾಯ ಇದೆ. ಯುಬಿ-ವಕ್ಕಾ ಅಂತಾರೆ. ಕಶಿವಾ ಎಂಬ ಊರಿನ ಹಿರಿಯರ ಮೇಲೆ ಟೋಕಿಯೊ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದ್ದಾರೆ. ಅಮ್ಮ ತಮ್ಮದೇ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಬಳೆಯ ಹಾಗೆ ಮಾಡಿ ಮೀನಖಂಡದ ದಪ್ಪ ಜಾಗವನ್ನು ಸುತ್ತಿ ಹಿಡಿಯಬೇಕು. ಬೆರಳು ಕೂಡದಿದ್ದರೆ ಒಳ್ಳೆಯದು. ಬೆರಳು ಕೂಡಿ, ಒಳಗೆ ಇನ್ನೂ ಸಂದು ಉಳಿದರೆ ಗಮನ ಕೊಡಬೇಕು. ಅವರ ಕೈಯೇ ಆಗಬೇಕು, ನಿಮ್ಮದಲ್ಲ. ದೊಡ್ಡ ಆಳಿಗೆ ದೊಡ್ಡ ಕೈ, ಸಣ್ಣ ಆಳಿಗೆ ಸಣ್ಣ ಕೈ ಇರುವುದರಿಂದ ಅಳತೆ ತಾನೇ ಹೊಂದಿಕೊಳ್ಳುತ್ತದೆ.

ಟೇಪಿನ ಜೊತೆಗೆ ಬಲವನ್ನೂ ನೋಡಲೇಬೇಕು. ನನ್ನನ್ನು ಕೇಳಿದರೆ ಗಾತ್ರಕ್ಕಿಂತ ಬಲವೇ ಮುಖ್ಯ. ಗಟ್ಟಿಯಾದ ಮರದ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ. ಅಮ್ಮ ಎರಡೂ ಕೈಯನ್ನು ಎದೆ ಮೇಲೆ ಕಟ್ಟಿಕೊಂಡು ಐದು ಸಲ ಪೂರ್ತಿ ಎದ್ದು ಕೂರಲಿ, ತಮಗಾದಷ್ಟು ಬೇಗ. 12 ಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬಲ ಕಡಿಮೆ ಅಂತ ಅದೇ ಏಷ್ಯಾ ಗುಂಪು ಹೇಳುತ್ತದೆ. ಪಕ್ಕದಲ್ಲೇ ನಿಂತಿರಿ. ತಲೆ ಸುತ್ತಿದರೆ, ಮಂಡಿ ನೋವಾದರೆ ಅಲ್ಲಿಗೇ ನಿಲ್ಲಿಸಿ.

ಇಷ್ಟು ಮಾಡಿ, ಸೊಂಟದ ಸುತ್ತಳತೆಯನ್ನೂ ಸೇರಿಸಿ ಇಲ್ಲಿ ಬರೆಯಿರಿ. ಜೊತೆಗೆ ಇಡೀ ದಿನ ಏನು ಊಟ ಮಾಡುತ್ತಾರೆ ಅಂತಲೂ ಹೇಳಿ.

ಹಳೇ ಟೈಲರ್, ದಾವಣಗೆರೆ:

ಮೇಡಂ ಹೇಳಿದ್ದಕ್ಕೆ ಟೇಪಿನ ವಿಷಯದಲ್ಲಿ ಒಂದೆರಡು ಮಾತು ಸೇರಿಸುತ್ತೇನೆ. ಮನೆಯ ಹೊಲಿಗೆ ಡಬ್ಬದಲ್ಲಿ ವರ್ಷಗಟ್ಟಲೆ ಬಿದ್ದಿರುವ ಟೇಪನ್ನು ನಂಬಬೇಡಿ. ಬಟ್ಟೆಯ ಟೇಪು ಎಳೆದೂ ಎಳೆದೂ ಹಿಗ್ಗುತ್ತದೆ. ತುದಿಯ ತಗಡು ಕಿತ್ತುಹೋಗಿದ್ದರೆ ಶುರುವಿನಲ್ಲೇ ಅರ್ಧ ಸೆಂಟಿಮೀಟರ್ ಹೋಗಿರುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು 30 ಸೆಂಟಿಮೀಟರ್ ಸರಿಹೋಗುತ್ತದಾ ನೋಡಿ. ಹೋಗದಿದ್ದರೆ ಹೊಸದು ತಗೊಳ್ಳಿ, ಫೈಬರ್ ಟೇಪು ಹಿಗ್ಗುವುದಿಲ್ಲ. ಇಂಚಿನ ಕಡೆ ಓದಿದಿರೋ ಸೆಂಟಿಮೀಟರ್ ಕಡೆ ಓದಿದಿರೋ ಅದನ್ನೂ ಬರೆದಿಡಿ. ಸುತ್ತುವಾಗ ಟೇಪು ನೆಲಕ್ಕೆ ಸಮನಾಗಿರಬೇಕು. ಹಿಂದೆ ಇಳಿದು ಮುಂದೆ ಏರಿದರೆ ಅಳತೆ ಜಾಸ್ತಿ ತೋರಿಸುತ್ತದೆ.

ಇನ್ನೊಂದು ಮಾತು. ಅಮ್ಮನ ಹತ್ತಿರ ಹಳೆಯ ಅಳತೆ ರವಿಕೆ ಇದ್ದೇ ಇರುತ್ತದೆ, ಬೀರುವಿನಲ್ಲಿ ಹುಡುಕಿ. ಬಿಚ್ಚಿ ಹೊಲಿಯದೆ ಹಾಗೇ ಉಳಿದಿರುವ ಒಂದು ರವಿಕೆ ಸಿಕ್ಕರೆ ಅದರ ತೋಳಿನ ಸುತ್ತಳತೆ ತೆಗೆಯಿರಿ. ಹೊಲಿಸಿದಾಗ ತೋಳು ಎಷ್ಟಿತ್ತು ಅಂತ ಸುಮಾರಾಗಿ ಗೊತ್ತಾಗುತ್ತದೆ. ಹತ್ತಿ ಬಟ್ಟೆ ಒಗೆದಾಗ ಸ್ವಲ್ಪ ಕುಗ್ಗುತ್ತದೆ, ಅದು ನೆನಪಿರಲಿ. ನನ್ನ ಅಳತೆ ಪುಸ್ತಕಗಳಲ್ಲಿ ಒಬ್ಬರೇ ಗಿರಾಕಿಯ ಇಪ್ಪತ್ತು ವರ್ಷದ ಅಳತೆ ಇದೆ. ವಯಸ್ಸಾದ ಎಷ್ಟೋ ಹೆಂಗಸರದ್ದು ಇದೇ ಕಥೆ. ಸೊಂಟ ಏರುತ್ತಾ ಹೋಗುತ್ತದೆ, ತೋಳು ಇಳಿಯುತ್ತಾ ಹೋಗುತ್ತದೆ, ಭುಜದ ಅಗಲವೂ ಸ್ವಲ್ಪ ಕಡಿಮೆ ಆಗುತ್ತದೆ. ನಾವು ಹೊಲಿಗೆ ಹಿಡಿದು ಕೊಟ್ಟು ಕಳಿಸುತ್ತೇವೆ. ಅದಕ್ಕೊಂದು ಕಾರಣ ಇದೆ, ನೋಡಬೇಕಾದವರು ಇದ್ದಾರೆ ಅಂತ ಇವತ್ತು ತಿಳಿಯಿತು. ಗಿರಾಕಿಗಳಿಗೆ ಹೇಳುತ್ತೇನೆ.

ಮಲ್ಪೆ ಕಡಲು:

ಕಾಲಿನ ಬಾವಿನ ಬಗ್ಗೆ ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಮ್ಮ ತಂದೆಗೆ ಬಿಪಿಗೆ ಆಮ್ಲೋಡಿಪಿನ್ ಕೊಟ್ಟಿದ್ದರು. ಸಂಜೆ ಹೊತ್ತಿಗೆ ಕಾಲು ಊದುತ್ತಿತ್ತು. ಸಂಜೆ ಅಳೆದರೆ ಮೀನಖಂಡ 35, ಬೆಳಿಗ್ಗೆ ಅಳೆದರೆ 33.5. ಒಂದೇ ಕಾಲು! ಹೆಬ್ಬೆರಳಿನಿಂದ ಮೂಳೆ ಮೇಲೆ ಒತ್ತಿ ಹಿಡಿದು ಬಿಟ್ಟರೆ ಗುಳಿ ಹಾಗೇ ಉಳಿಯುತ್ತಿತ್ತು. ಆ ಮಾತ್ರೆಯಿಂದ ಕೆಲವರಿಗೆ ಹೀಗಾಗುತ್ತದೆ ಅಂತ ಡಾಕ್ಟರ್ ಹೇಳಿ ಬದಲಿಸಿದರು. ನಿಮ್ಮ ಅಮ್ಮನೂ ಬಿಪಿ ಮಾತ್ರೆ ತಗೊಳ್ಳುತ್ತಾರೆ ಅಂದಿರಲ್ವಾ, ಅದು ಯಾವುದು ಅಂತ ನೋಡಿ. ನಮ್ಮ ಕರಾವಳಿಯಲ್ಲಿ ಹಳೆಯ ಆನೆಕಾಲು ರೋಗದ ಊತ ಇರುವ ಹಿರಿಯರೂ ಇದ್ದಾರೆ. ಅಂಥವರಿಗೆ ಈ ಟೇಪಿನ ಲೆಕ್ಕ ಹೊಂದುವುದೇ ಇಲ್ಲ ಅಲ್ವಾ ಅಕ್ಕಾ?

ಫಿಸಿಯೋ ಅಕ್ಕ, ಧಾರವಾಡ:

ಹೌದು, ಹೊಂದುವುದಿಲ್ಲ. ಹೃದಯ, ಕಿಡ್ನಿ, ಲಿವರ್ ತೊಂದರೆಯಿಂದ ಕಾಲಿಗೆ ನೀರು ತುಂಬಿಕೊಂಡಿದ್ದರೂ ಅಷ್ಟೇ. ಗುಳಿ ಬೀಳುತ್ತಿದ್ದರೆ ಮೀನಖಂಡದ ಅಳತೆಯನ್ನು ಪಕ್ಕಕ್ಕಿಟ್ಟು ಬಾವಿನ ಕಾರಣ ಹುಡುಕಬೇಕು. ಒಂದು ಕಾಲು ಮಾತ್ರ ಇದ್ದಕ್ಕಿದ್ದ ಹಾಗೆ ಊದಿ, ಬಿಸಿಯಾಗಿ, ನೋವಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು. ಮತ್ತೆ, ಬಿಪಿ ಮಾತ್ರೆಯನ್ನು ಯಾರೂ ತಾವಾಗೇ ನಿಲ್ಲಿಸಬೇಡಿ.

ಟೈಲರ್ ಸರ್, ಅಳತೆ ರವಿಕೆ ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ಹತ್ತಿರ ಬರುವವರಲ್ಲಿ ಹಿಂದಿನ ಅಳತೆ ಇರುವವರೇ ಇಲ್ಲ. ನೀವು ಹೇಳಿದ್ದು ತುಂಬ ಉಪಯೋಗಕ್ಕೆ ಬರುತ್ತದೆ.

ನಿವೃತ್ತ ಮೇಷ್ಟ್ರು, ಹಾಸನ:

ನನಗೆ 74. ಎಲ್ಲವನ್ನೂ ಓದಿದೆ. ಒಂದು ಮಾತು ಹೇಳಬೇಕು ಅನಿಸಿತು, ಬೇಜಾರು ಮಾಡಿಕೊಳ್ಳಬೇಡಿ. ವಯಸ್ಸಾದ ಮೇಲೆ ಮೈ ಇಳಿಯುವುದು ಸಹಜ. ನಮ್ಮ ತಾಯಿಯ ಕಾಲೂ ಸಣ್ಣಗಾಗಿತ್ತು, ತೊಂಬತ್ತರ ತನಕ ಬದುಕಿದರು. ಯಾರೂ ಟೇಪು ಹಿಡಿಯಲಿಲ್ಲ. ಮಕ್ಕಳು ಊರಿಗೆ ಬಂದ ಕೂಡಲೇ ಅಳತೆ, ಸೆಕೆಂಡು, ಲೆಕ್ಕ ಅಂತ ಕೂತರೆ ತಾಯಿಗೆ ತಾನು ರೋಗಿ ಅನಿಸುವುದಿಲ್ಲವೇ? ಈ ವಯಸ್ಸಿನಲ್ಲಿ ಕಳೆದುಹೋದ ಮಾಂಸಖಂಡ ವಾಪಸ್ ಬರುತ್ತದೆಯೇ? ಬಾರದಿದ್ದರೆ ತಿಳಿದು ಮಾಡುವುದೇನು?

ಫಿಸಿಯೋ ಅಕ್ಕ, ಧಾರವಾಡ:

ಸರ್, ನಿಮ್ಮ ಮಾತಿನಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಿರಿಯರಿಗೆ ಗಾಬರಿ ಹುಟ್ಟಿಸಬಾರದು. ಆದರೆ ಬಲ ವಾಪಸ್ ಬರುತ್ತದೆ ಸರ್. ಇದನ್ನು ನಾನು ದಿನಾ ಕಣ್ಣಾರೆ ನೋಡುತ್ತೇನೆ. ನನ್ನ ಮಾತು ಬಿಡಿ, 1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಡಾ. ಮಾರಿಯಾ ಫಿಯಾಟರೋನ್ ಮತ್ತು ಜೊತೆಯವರು ಮಾಡಿದ ಅಧ್ಯಯನ ಇದೆ. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ಸರಾಸರಿ 90 ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿನಲ್ಲಿ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಾಯಿತು. ತೊಡೆಯ ಸ್ನಾಯುವಿನ ಗಾತ್ರ ಶೇ 9ರಷ್ಟು ಮಾತ್ರ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಲ ಎಷ್ಟು ಬೇಗ ಬರುತ್ತದೆ, ಗಾತ್ರ ಎಷ್ಟು ನಿಧಾನ! ಅದಕ್ಕೇ ನಾನು ಟೇಪು ಒಂದನ್ನೇ ನೆಚ್ಚಿಕೊಳ್ಳಬೇಡಿ ಅನ್ನುವುದು. ವ್ಯಾಯಾಮ ಶುರುಮಾಡಿ ಎರಡು ತಿಂಗಳಾದರೂ ಮೀನಖಂಡ ಅರ್ಧ ಸೆಂಟಿಮೀಟರೂ ಏರಿರುವುದಿಲ್ಲ, ಜನ ಬೇಸತ್ತು ಬಿಟ್ಟುಬಿಡುತ್ತಾರೆ. ಅದೇ ಹೊತ್ತಿಗೆ ಬಸ್ಸಿನ ಮೆಟ್ಟಿಲು ಕಂಬಿ ಎಳೆಯದೆ ಹತ್ತಿರುತ್ತಾರೆ. ಆ ಗೆಲುವನ್ನು ಲೆಕ್ಕಕ್ಕೇ ತಗೊಂಡಿರುವುದಿಲ್ಲ.

ಮುಷ್ಟಿಯ ಹಿಡಿತವೂ ಹಾಗೇ. 2015ರಲ್ಲಿ ಬಂದ ಪ್ಯೂರ್ ಅಧ್ಯಯನದಲ್ಲಿ 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದಿದ್ದರು, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿದ್ದರು. ಹಿಡಿತ 5 ಕೆಜಿ ಕಡಿಮೆಯಾದಷ್ಟೂ ಸಾವಿನ ಅಪಾಯ ಶೇ 16ರಷ್ಟು ಜಾಸ್ತಿ ಕಂಡಿತು. ಕೈ ಹಿಡಿತ ಕಡಿಮೆ ಆಗಿದ್ದೇ ಸಾವಿಗೆ ಕಾರಣ ಅಂತಲ್ಲ. ಇಡೀ ಮೈಯ ಸ್ಥಿತಿಯನ್ನು ಅದು ತೋರಿಸುತ್ತದೆ. ಆದರೆ ಹಿಡಿತ ಅಳೆಯಲು ಡೈನಮೋಮೀಟರ್ ಬೇಕು. ಫಿಸಿಯೋಥೆರಪಿ ವಿಭಾಗದಲ್ಲಿ ಕೇಳಿದರೆ ಸಿಗಬಹುದು. ಏಷ್ಯಾ ಗುಂಪಿನ ಗಡಿ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿ.

ನೀವೂ ಒಮ್ಮೆ ಕುರ್ಚಿಯಿಂದ ಐದು ಸಲ ಎದ್ದು ನೋಡಿ ಸರ್. ನಿಮ್ಮ ವಯಸ್ಸಿನ ಎಷ್ಟೋ ಜನ 10 ಸೆಕೆಂಡಿನಲ್ಲಿ ಮುಗಿಸುತ್ತಾರೆ.

ತುಂಗಾತೀರ:

ಊರಿನಿಂದ ಬರೆಯುತ್ತಿದ್ದೇನೆ. ಮೇಷ್ಟ್ರೇ, ಅಮ್ಮ ಗಾಬರಿ ಆಗಲಿಲ್ಲ. ನಾನು ಅಪ್ಪನನ್ನೂ ಕೂರಿಸಿ ಅಳೆದೆ, ಪಕ್ಕದ ಮನೆಯ ಅತ್ತೆಯೂ ಬಂದು ಕಾಲು ಚಾಚಿದರು. ಎಲ್ಲರೂ ಸೇರಿ ಮಾಡಿದ್ದರಿಂದ ಅಮ್ಮನಿಗೆ ತನ್ನೊಬ್ಬಳನ್ನೇ ಪರೀಕ್ಷೆ ಮಾಡುತ್ತಿದ್ದಾರೆ ಅನಿಸಲಿಲ್ಲ.

ಹೊಸ ಫೈಬರ್ ಟೇಪು ತಗೊಂಡು ಬಂದಿದ್ದೆ. ಬೆಳಿಗ್ಗೆ ಅಳೆದಾಗ ಅಮ್ಮನ ಮೀನಖಂಡ ಬಲಗಾಲು 33.5, ಎಡಗಾಲು 33. ಒತ್ತಿ ನೋಡಿದೆ, ಗುಳಿ ಬೀಳುವುದಿಲ್ಲ. ಮಾತ್ರೆ ಆಮ್ಲೋಡಿಪಿನ್ ಅಲ್ಲ, ಟೆಲ್ಮಿಸಾರ್ಟಾನ್. ಸೊಂಟ 91. ಕುರ್ಚಿಯಿಂದ ಐದು ಸಲ ಏಳಲು 17 ಸೆಕೆಂಡು. ಮೂರನೇ ಸಲದಿಂದ ಮುಂದಕ್ಕೆ ಜೋಲಿ ಹೊಡೆದು ಏಳುತ್ತಿದ್ದರು. ಕೈ ತಾನಾಗೇ ತೊಡೆಯ ಮೇಲೆ ಬರುತ್ತಿತ್ತು, ಮತ್ತೆ ಎದೆಗೆ ಕಟ್ಟಿಸಿದೆ. ಹಳೆಯ ಅಳತೆ ರವಿಕೆಯೂ ಸಿಕ್ಕಿತು. ಅದರ ತೋಳು 30 ಸೆಂಟಿಮೀಟರ್. ಈಗ ಅಮ್ಮನ ತೋಳನ್ನು ಅದೇ ಜಾಗದಲ್ಲಿ ಅಳೆದರೆ 26.

ಊಟ ಹೇಳುತ್ತೇನೆ. ಬೆಳಿಗ್ಗೆ ಎರಡು ಅಕ್ಕಿರೊಟ್ಟಿ ಅಥವಾ ಕಡುಬು, ಚಟ್ನಿ. ಮಧ್ಯಾಹ್ನ ಅನ್ನ, ತಿಳಿಸಾರು, ಒಂದು ಪಲ್ಯ, ಮಜ್ಜಿಗೆ. ಸಂಜೆ ಕಾಫಿ. ರಾತ್ರಿ "ಹಸಿವಿಲ್ಲ" ಅಂತ ಒಂದು ಬಟ್ಟಲು ಗಂಜಿ ಅಥವಾ ಮಜ್ಜಿಗೆ ಅವಲಕ್ಕಿ. ಶನಿವಾರ ಒಪ್ಪತ್ತು, ಏಕಾದಶಿ ಉಪವಾಸ. ನಮ್ಮಲ್ಲಿ ಮೊಟ್ಟೆ ತಿನ್ನುವುದಿಲ್ಲ. ಮೀನಖಂಡ 33ಕ್ಕಿಂತ ಜಾಸ್ತಿಯೇ ಇದೆಯಲ್ಲ, ಹಾಗಾದರೆ ಪರವಾಗಿಲ್ಲ ಅಂತಲಾ ಅಕ್ಕಾ?

ಫಿಸಿಯೋ ಅಕ್ಕ, ಧಾರವಾಡ:

ಇಲ್ಲಮ್ಮ, ಇಲ್ಲೊಂದು ಲೆಕ್ಕ ಇದೆ. ನಿಮ್ಮ ಅಮ್ಮನ ಬಿಎಂಐ 25.5 ಆಗುತ್ತದೆ. ದಪ್ಪ ಮೈಯವರಲ್ಲಿ ಮೀನಖಂಡದ ಸುತ್ತಲೂ ಕೊಬ್ಬು ಇರುವುದರಿಂದ ಟೇಪು ಜಾಸ್ತಿ ತೋರಿಸುತ್ತದೆ. ಅಮೆರಿಕದ ದೊಡ್ಡ ಆರೋಗ್ಯ ಸಮೀಕ್ಷೆಯ ಮಾಹಿತಿಯಿಂದ 2021ರಲ್ಲಿ ಇದಕ್ಕೊಂದು ತಿದ್ದುಪಡಿ ಪ್ರಕಟವಾಯಿತು. ಬಿಎಂಐ 25ರಿಂದ 30ರ ಒಳಗಿದ್ದರೆ ಅಳತೆಯಿಂದ 3 ಸೆಂಟಿಮೀಟರ್ ಕಳೆಯಬೇಕು. 30ರಿಂದ 40ರ ಒಳಗಿದ್ದರೆ 7 ಕಳೆಯಬೇಕು. 18.5ಕ್ಕಿಂತ ಕಡಿಮೆ ಇರುವ ಬಡಕಲು ಮೈಯವರಿಗೆ 4 ಕೂಡಿಸಬೇಕು. ಹಾಗೆ ನೋಡಿದರೆ ಅಮ್ಮನದು 33.5 ಅಲ್ಲ, 30.5. ಈ ತಿದ್ದುಪಡಿ ನಮ್ಮ ಜನರನ್ನು ನೋಡಿ ಮಾಡಿದ್ದಲ್ಲ, ಹಾಗಾಗಿ ಅದನ್ನೇ ಕೊನೆಯ ಮಾತು ಅಂತ ತಗೊಳ್ಳಬೇಡಿ. ಆದರೆ 17 ಸೆಕೆಂಡು, 91 ಸೊಂಟ, ರವಿಕೆಯ 4 ಸೆಂಟಿಮೀಟರ್ ಎಲ್ಲವೂ ಒಂದೇ ಕಡೆಗೆ ಬೊಟ್ಟು ಮಾಡುತ್ತಿವೆ. ದಕ್ಷಿಣ ಏಷ್ಯಾದ ಹೆಂಗಸರಿಗೆ ಸೊಂಟ 80ರ ಒಳಗಿರಬೇಕು. ಅಮ್ಮನದು ಸ್ನಾಯು ಇಳಿದು, ಕೊಬ್ಬು ಏರಿದ ಮೈ. ಶುಗರ್ ಗಡಿಯಲ್ಲಿರುವುದಕ್ಕೂ ಇದಕ್ಕೂ ನಂಟಿದೆ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಸ್ನಾಯುವೇ.

ಮಳೆಗಾಲದ ಜ್ವರದ ಪಾಲೂ ಇದರಲ್ಲಿದೆ. 2007ರ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಬರೀ ಹಾಸಿಗೆಯಲ್ಲಿ ಮಲಗಿಸಿದ್ದರು. ಕಾಲಿನಿಂದಲೇ ಸುಮಾರು ಒಂದು ಕೆಜಿ ಕೊಬ್ಬಲ್ಲದ ಅಂಶ, ಅಂದರೆ ಹೆಚ್ಚಾಗಿ ಸ್ನಾಯು, ಹೋಗಿತ್ತು. ನಿಮ್ಮ ಅಮ್ಮ ಜ್ವರದಲ್ಲಿ ಎರಡು ವಾರ ಮಲಗಿದ್ದರು, ಊಟವೂ ಸೇರಿರಲಿಕ್ಕಿಲ್ಲ. ನಮ್ಮ ಕಡೆ ಜ್ವರ ಬಿಟ್ಟ ಮೇಲೂ "ಸುಮ್ನೆ ಮಲಗಿರಿ, ಏಳಬೇಡಿ" ಅಂತ ಪ್ರೀತಿಯಿಂದಲೇ ಹೇಳುತ್ತೇವೆ. ಆ ಪ್ರೀತಿ ಕಾಲನ್ನು ತಿನ್ನುತ್ತದೆ. ಜ್ವರ ಇಳಿದ ದಿನವೇ ಕೂರಿಸಿ, ನಿಲ್ಲಿಸಿ, ಬಚ್ಚಲಿಗೆ ನಡೆಸಿ.

ಊಟಕ್ಕೆ ಬರೋಣ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಿರಿಯರಿಗೆ ತೂಕದ ಕೆಜಿಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರು ಹೇಳುತ್ತಾರೆ. ಅಮ್ಮನಿಗೆ ದಿನಕ್ಕೆ 60ರಿಂದ 70 ಗ್ರಾಂ ಆಯಿತು. ನೀವು ಬರೆದ ಊಟದಲ್ಲಿ ಅದರ ಅರ್ಧ ಇದ್ದರೆ ಹೆಚ್ಚು. ತಿಳಿಸಾರಿನಲ್ಲಿ ಬೇಳೆ ಎಲ್ಲಿದೆ ಹೇಳಿ? ತಳದಲ್ಲಿರುವ ಬೇಳೆಯನ್ನು ಗಂಡ ಮಕ್ಕಳಿಗೆ ಬಡಿಸಿ, ಮೇಲಿನ ತಿಳಿಯನ್ನು ತಾವು ಹಾಕಿಕೊಳ್ಳುವ ಅಮ್ಮಂದಿರು ಎಷ್ಟು ಜನ! ಮಜ್ಜಿಗೆಯೂ ಹಾಗೇ, ಮುಕ್ಕಾಲು ಪಾಲು ನೀರು. ಮೊಸರನ್ನು ಮೊಸರಾಗಿಯೇ ಕೊಡಿ, ಗಟ್ಟಿಯಾಗಿ ಒಂದು ಬಟ್ಟಲು. ಬೆಳಿಗ್ಗೆ ರೊಟ್ಟಿ ಜೊತೆ ಹೆಸರುಕಾಳು ಅಥವಾ ಅಲಸಂದೆ ಉಸಲಿ ಇರಲಿ. 30 ಗ್ರಾಂ ಒಣ ಕಾಳು ನೆನೆಸಿ ಬೇಯಿಸಿದರೆ 7 ಗ್ರಾಂ ಹತ್ತಿರ ಪ್ರೋಟೀನ್ ಸಿಗುತ್ತದೆ. ಸಂಜೆ ಕಾಫಿ ಜೊತೆ ಒಂದು ಹಿಡಿ ಹುರಿದ ಶೇಂಗಾ ಅಥವಾ ಹುರಿಗಡಲೆ, ಅದು ಇನ್ನೊಂದು 6-7 ಗ್ರಾಂ. ಹಲ್ಲಿನ ತೊಂದರೆ ಇದ್ದರೆ ಪುಡಿ ಮಾಡಿ ಕೊಡಿ. ರಾತ್ರಿ ಮಲಗುವ ಮುಂಚೆ ಒಂದು ದೊಡ್ಡ ಲೋಟ ಹಾಲು. ಸೋಯಾ ಚಂಕ್ಸ್ ಒಪ್ಪಿದರೆ ವಾರದಲ್ಲಿ ಎರಡು ಮೂರು ದಿನ ಪಲ್ಯಕ್ಕೆ ಹಾಕಿ, ನೂರು ಗ್ರಾಂ ಒಣ ಚಂಕ್ಸಿನಲ್ಲಿ 50 ಗ್ರಾಂಗಿಂತ ಜಾಸ್ತಿ ಇರುತ್ತದೆ. ಅನ್ನ ಒಂದು ಸೌಟು ಕಡಿಮೆಯಾದರೂ ಚಿಂತೆ ಇಲ್ಲ.

ಒಪ್ಪತ್ತು ಬಿಡಿ ಅಂತ ನಾನು ಹೇಳುವುದಿಲ್ಲ, ಅದು ಅವರ ನಂಬಿಕೆ. ಆ ಒಂದು ಹೊತ್ತಿನ ಊಟ ಗಟ್ಟಿಯಾಗಿರಲಿ, ಉಳಿದ ಹೊತ್ತು ಹಾಲು, ಮೊಸರು ಆಗುತ್ತದಾ ಅಂತ ಕೇಳಿ ನೋಡಿ. ಪ್ರೋಟೀನ್ ಹೆಚ್ಚಿಸುವ ಮುಂಚೆ ಕಿಡ್ನಿ ಸರಿ ಇದೆಯಾ ನೋಡಬೇಕು. ಬಿಪಿ ಇರುವವರಿಗೆ ಇದು ಮುಖ್ಯ. ಕ್ರಿಯಾಟಿನಿನ್ ಪರೀಕ್ಷೆ ಇತ್ತೀಚೆಗೆ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ವ್ಯಾಯಾಮಕ್ಕೆ ಜಿಮ್ ಬೇಡ. ಅದೇ ಕುರ್ಚಿ ಸಾಕು. ಮೊದಲ ವಾರ ಕುರ್ಚಿ ಮೇಲೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿ, ಎಂಟು ಸಲ ಎದ್ದು ಕೂರಲಿ, ಸುಧಾರಿಸಿಕೊಂಡು ಮತ್ತೆ ಎಂಟು ಸಲ. ಕೂರುವಾಗ ದೊಪ್ಪನೆ ಬೀಳಬಾರದು, ಮೂರು ಎಣಿಸುತ್ತಾ ಇಳಿಯಬೇಕು. ಹಾಗೆ ನಿಧಾನ ಇಳಿಯುವಾಗಲೂ ಸ್ನಾಯುವಿಗೆ ಕೆಲಸ ಸಿಗುತ್ತದೆ. ಸುಲಭವಾದ ಮೇಲೆ ಕಂಬಳಿ ತೆಗೆಯಿರಿ. ಆಮೇಲೆ ಎದೆಗೆ ಎರಡು ಕೆಜಿ ಅಕ್ಕಿಯ ಚೀಲ ಅಪ್ಪಿಕೊಂಡು ಮಾಡಲಿ. ಮೀನಖಂಡಕ್ಕೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ನಿಧಾನ ಇಳಿಯುವುದು. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದು ದಿನ ಬಿಡುವು ಇರಲಿ. ತೋಟದಲ್ಲಿ ಓಡಾಡುವುದು ಒಳ್ಳೆಯದೇ, ಬಿಡಬೇಡಿ. ಆದರೆ ಬರೀ ನಡಿಗೆಯಿಂದ ಈ ಬಲ ಬರುವುದಿಲ್ಲ. ಭಾರಕ್ಕೆ ಎದುರಾಗಿ ದುಡಿದರೆ ಮಾತ್ರ ಸ್ನಾಯು ಬೆಳೆಯುತ್ತದೆ.

ಮೀನಖಂಡವನ್ನು ಮೂರು ತಿಂಗಳಿಗೊಮ್ಮೆ ಅಳೆಯಿರಿ, ಅದಕ್ಕಿಂತ ಬೇಗ ಬೇಡ. ಕುರ್ಚಿಯ ಸೆಕೆಂಡನ್ನು ತಿಂಗಳಿಗೊಮ್ಮೆ ನೋಡಿ.

ತುಂಗಾತೀರ:

ತುಂಬ ಧನ್ಯವಾದ ಅಕ್ಕಾ. ಅಮ್ಮ ಹಾಲು, ಉಸಲಿಗೆ ಒಪ್ಪಿದ್ದಾರೆ. ಸೋಯಾ ವಾಸನೆ ಬೇಡ ಅಂದರು. ಸೋಮವಾರ ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಅವರ ಹತ್ತಿರ ಏನು ಕೇಳಲಿ? ಅಪ್ಪನಿಗೆ 73, ಮೀನಖಂಡ 32, ಬಿಎಂಐ 20. ಆದರೆ ಕುರ್ಚಿಯಿಂದ 9 ಸೆಕೆಂಡಿನಲ್ಲಿ ಐದು ಸಲ ಎದ್ದರು. ಅವರ ಬಗ್ಗೆಯೂ ಯೋಚಿಸಬೇಕಾ?

ಫಿಸಿಯೋ ಅಕ್ಕ, ಧಾರವಾಡ:

ಅಪ್ಪನದು ಗಾತ್ರ ಕಡಿಮೆ, ಬಲ ಚೆನ್ನಾಗಿದೆ. ತೋಟದ ಕೆಲಸ ಮಾಡಿದ ಮೈ ಇರಬೇಕು. ಅವರ ಹಿಡಿತವೂ 28 ಕೆಜಿ ದಾಟಿದರೆ ಸಾರ್ಕೋಪೀನಿಯಾ ಅನ್ನುವ ಹಾಗಿಲ್ಲ. ಆದರೆ ಇತ್ತೀಚೆಗೆ ತಾನಾಗೇ ತೂಕ ಇಳಿದಿದೆಯಾ ಅಂತ ಮಾತ್ರ ವಿಚಾರಿಸಿ. ಆರೇಳು ತಿಂಗಳಲ್ಲಿ ಎರಡು ಮೂರು ಕೆಜಿ ಹೋಗಿದ್ದರೆ ತೋರಿಸಲೇಬೇಕು. ಊಟದ ಬದಲಾವಣೆ ಅವರಿಗೂ ಇರಲಿ.

ಡಾಕ್ಟರಿಗೆ "ಅಮ್ಮನಿಗೆ ಸುಸ್ತು" ಅನ್ನಬೇಡಿ. "ಕುರ್ಚಿಯಿಂದ ಐದು ಸಲ ಏಳಲು 17 ಸೆಕೆಂಡು ಬೇಕು, ತೋಳು 30ರಿಂದ 26ಕ್ಕೆ ಇಳಿದಿದೆ, ಸೊಂಟ 91, ಜ್ವರದಲ್ಲಿ ಎರಡು ವಾರ ಮಲಗಿದ್ದರು" ಅಂತ ಚೀಟಿಯಲ್ಲಿ ಬರೆದು ಕೊಡಿ. ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದಾರಾ, ಹತ್ತು ಮೆಟ್ಟಿಲು ಹತ್ತಲು, ಐದು ಕೆಜಿ ಅಕ್ಕಿ ಚೀಲ ಎತ್ತಲು ಕಷ್ಟವಾಗುತ್ತದಾ ಅಂತ ಅಮ್ಮನನ್ನು ಕೇಳಿ, ಅದನ್ನೂ ಸೇರಿಸಿ. ಥೈರಾಯ್ಡ್, ವಿಟಮಿನ್ ಡಿ, ಬಿ12, ಕ್ರಿಯಾಟಿನಿನ್, ಮೂರು ತಿಂಗಳ ಸರಾಸರಿ ಶುಗರ್ ನೋಡಿಸಬೇಕಾ ಅಂತ ಕೇಳಿ. ಬಲ ಕುಗ್ಗಲು ಇವೂ ಕಾರಣ ಇರುತ್ತವೆ. ಕೈ ಹಿಡಿತ ಅಳೆಯಲು ಫಿಸಿಯೋಥೆರಪಿ ವಿಭಾಗಕ್ಕೆ ಬರೆದುಕೊಡಿ ಅನ್ನಿ. ಮಂಡಿ ನೋವು ಇದೆಯಾ ಅಂತ ನೀವು ಎಲ್ಲೂ ಹೇಳಲಿಲ್ಲ. ಇದ್ದರೆ ಆ 17 ಸೆಕೆಂಡಿನಲ್ಲಿ ನೋವಿನ ಪಾಲೂ ಇರುತ್ತದೆ, ಕುರ್ಚಿ ವ್ಯಾಯಾಮವನ್ನು ಬೇರೆ ರೀತಿ ಶುರುಮಾಡಬೇಕಾಗುತ್ತದೆ. ಕೇಳಿ ತಿಳಿಸಿ, ಹೇಗೆ ಅಂತ ಬರೆಯುತ್ತೇನೆ.